ಪೆನ್ಸಿಲ್ಲಿನಲ್ಲೇ ಇರಬೇಕಾಗಿದ್ದ ಐದು ಸಾಲುಗಳು

ಮಾನ್ಯ ಓದುಗರ ಸನ್ನಿಧಿಗೆ, ಸಿಂಗಾಪುರದ ಬೆಡೋಕ್ ನಿವಾಸಿಯಾದ ನಾನು ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ: ಅರ್ಜಿಗಳ ಹೊರತು ಬೇರೇನನ್ನೂ ನಾನು ಈವರೆಗೆ ಬರೆದವಳಲ್ಲ. ಆದಕಾರಣ ಕಾಗುಣಿತ ಎಡವಿದಲ್ಲಿ, ಅಕ್ಷರ ಸೊಟ್ಟಗಾದಲ್ಲಿ ದಯವಿಟ್ಟು ಮನ್ನಿಸಬೇಕು. ಹೀಗಿದ್ದೂ ಬರೆಯಲು ಕೂತದ್ದರ ಕಾರಣವನ್ನು ಈ ಕೆಳಗೆ ಅರಿಕೆ ಮಾಡಿಕೊಂಡಿದ್ದೇನೆ.

ನೆರೆಯ ಅಂಕಲ್ ಒಬ್ಬರ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಬೂದುಬಣ್ಣಕ್ಕೆ ತಿರುಗಿರುತ್ತಿತ್ತು. ಪೆನ್ಸಿಲ್ಲಿನಲ್ಲಿ ಬರೆದ ಪ್ರತಿ ಸಾಲನ್ನೂ ಆ ಬೆರಳಿನಿಂದ ಸವರುತ್ತ ಎರಡನೆಯ ಸಲ ಓದುವುದು ಅವರ ರೂಢಿ. ತೊಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಬ್ಲಾಕಿನ ಲಿಫ್ಟು ಎಲ್ಲ ಮಹಡಿಗಳಲ್ಲೂ ನಿಲ್ಲುತ್ತಿರಲಿಲ್ಲ. ಅವರು ನಮ್ಮ ಮಹಡಿಯಲ್ಲಿ ಇಳಿದು, ಪುಸ್ತಕದ ಚೀಲ ಹೊತ್ತು, ಮೆಟ್ಟಿಲಲ್ಲಿ ಎರಡು ಮಹಡಿ ಕೆಳಗೆ ತಮ್ಮ ಮನೆಗೆ ಹೋಗಬೇಕಾಗಿತ್ತು. ಚೀಲ ಹೊರಲು ನಾನೊಮ್ಮೆ ಕೈಜೋಡಿಸಿದ್ದರಿಂದಲೇ ಪರಿಚಯವಾಯಿತು.

ಉಡುಪಿ ಕಡೆಯಿಂದ ಬಂದು, ಬಂದರಿನಲ್ಲಿ ಮೊದಲು ಬ್ರಿಟಿಷ್, ನಂತರ ಬೆಲ್ಜಿಯನ್ ಹಡಗು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು ಅವರು. ಕಚೇರಿಯವರು ಎಸೆಯಲಿದ್ದ ಹಳೆಯ ಜೀವನಚರಿತ್ರೆಗಳನ್ನೆಲ್ಲ ಮನೆಗೆ ತಂದಿದ್ದರು. ಆ ಎರಡು ದೇಶಗಳ ರಾಜಕಾರಣಿಗಳು, ಚಿತ್ರಕಾರರು, ವಿದ್ವಾಂಸರ ಬದುಕನ್ನು ಒಂದೊಂದು ಕಾರ್ಡಿನಷ್ಟು ಕನ್ನಡದಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದರು.

"ಯಾಕೆ ಅಂಕಲ್, ಇವರದ್ದೇ?" ಎಂದು ಕೇಳಿದ್ದೆ.

"ಜೀವನಪೂರ್ತಿ ಇವರ ದೇಶದವರ ಕಾಗದ ಫೈಲ್ ಮಾಡಿದ್ದೀನಮ್ಮ. ಇವರ ಮನೇಲಿ ಎಂಥವರಿದ್ರು ಅಂತ ನೋಡೋದು ಬೇಡ್ವಾ?"

ಒಳಗಿನಿಂದ ಆಂಟಿಯ ದನಿ ಬಂತು: "ನೋಡಿ, ಆದ್ರೆ ಊಟಕ್ಕೆ ಮಾತ್ರ ಕರೀಬೇಡಿ. ಅನ್ನ ಇರೋದು ಮೂರು ಜನಕ್ಕೆ."

ಅಂಕಲ್ ಅವರ ಕಟ್ಟಳೆ ಒಂದೇ. ಒಂದು ಪುಸ್ತಕದಲ್ಲಿ ಮಾತ್ರ ಕಂಡದ್ದು ಪೆನ್ಸಿಲ್ಲಿನಲ್ಲಿ. ಎರಡನೆಯ ಪುಸ್ತಕವೂ ಅದನ್ನೇ ಹೇಳಿದ ಮೇಲೆ ಶಾಯಿಯಲ್ಲಿ. "ಒಂದು ಪುಸ್ತಕ ಹೇಳಿದ್ರೆ ಗಾಸಿಪ್ಪು, ಎರಡು ಹೇಳಿದ್ರೆ ಚರಿತ್ರೆ" ಎನ್ನುತ್ತಿದ್ದರು. ಲಂಡನ್ನಿನ ಮಂತ್ರಿಯೊಬ್ಬರು ಮೂರು ಗಂಟೆ ಭಾಷಣ ಮಾಡಿ ಮನೆಗೆ ಬಂದಾಗ ಹೆಂಡತಿ ಬಾಗಿಲೇ ತೆರೆಯಲಿಲ್ಲವೆಂಬ ಪ್ರಸಂಗವನ್ನು ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಪಾಪ, ಒಂದೇ ಪುಸ್ತಕ. ಪೆನ್ಸಿಲ್ಲಲ್ಲೇ ಇರ್ಲಿ" ಎಂದು ಡಬ್ಬಿ ಮುಚ್ಚಿದ್ದರು. ಕನ್ನಡ ಬರೆಯುವುದು ಮರೆತೇಹೋಗಿದ್ದ ನನಗೆ ಶನಿವಾರ ಶನಿವಾರ ಎದುರು ಕೂರಿಸಿಕೊಂಡು ಮತ್ತೆ ಕಲಿಸಿದವರು ಅವರೇ.

ಕನ್ನಡಿಗರ ಕೂಟವೊಂದು ಆ ಕಾರ್ಡುಗಳನ್ನು ಕಿರುಪುಸ್ತಿಕೆಯಾಗಿ ಅಚ್ಚು ಹಾಕಿಸಲು ಒಪ್ಪಿತು. ಕಾರ್ಡು ಕೊಡಬೇಕಾದ ವಾರವೇ ಅವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇತ್ತು. ಡಬ್ಬಿಯನ್ನು ನನ್ನ ಕೈಗಿತ್ತು, "ಇಂಕಿಂದು ಮಾತ್ರ ಕೊಡಮ್ಮ. ಪೆನ್ಸಿಲ್ಲಿಂದು ಮುಟ್ಬೇಡ" ಎಂದರು.

ಕೊನೆಯ ಪುಟಕ್ಕೆ ಒಂದು ಕಾರ್ಡು ಕಡಿಮೆ ಬಿದ್ದಿತು. ಗಡಿಯಾಚೆಯ ಜೋಹೋರ್ ಊರಿಗೆ ಸುತ್ತಾಟಕ್ಕೆ ಹೋಗಲು ಗೆಳತಿಯರು ವುಡ್‌ಲ್ಯಾಂಡ್ಸ್ ಬಸ್ಸಿನ ಬಳಿ ನನಗಾಗಿ ಕಾಯುತ್ತಿದ್ದರು. ಡಬ್ಬಿಯಲ್ಲಿ ಬೆಲ್ಜಿಯಮ್ಮಿನ ಭಾಷಾವಿದ್ವಾಂಸರೊಬ್ಬರ ಕಾರ್ಡು ಕಣ್ಣಿಗೆ ಬಿತ್ತು. ಶಿಷ್ಯನ ಸಂಶೋಧನೆಯನ್ನು ಕದ್ದು ತಮ್ಮ ಹೆಸರಿನಲ್ಲಿ ಪ್ರಕಟಿಸಿದರೆಂದು ಅದರಲ್ಲಿ ಐದು ಸಾಲುಗಳಿದ್ದವು. ಐದೂ ಪೆನ್ಸಿಲ್ಲಿನವು, ಐದೂ ರುಚಿಕರವಾದವು. ನಾನು ಅವರ ಅಕ್ಷರಗಳ ಮೇಲೆಯೇ ಅವರದೇ ಪೆನ್ನನ್ನು ಆಡಿಸಿ, ಒಣಗಿದ ನಂತರ ಪೆನ್ಸಿಲ್ಲಿನ ಗುರುತನ್ನು ಅಳಿಸಿ, ಉಳಿದವುಗಳ ಜೊತೆ ಸೇರಿಸಿ ಕೊಟ್ಟೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಬಸ್ಸು ಸಿಕ್ಕಿತು.

ಪುಸ್ತಿಕೆ ಹಂಚಿ ಎರಡು ತಿಂಗಳಾದ ಮೇಲೆ ಅವರಿಗೆ ಹಳೆ ಪುಸ್ತಕದಂಗಡಿಯಲ್ಲಿ ಆ ವಿದ್ವಾಂಸರ ಬಗೆಗಿನ ಎರಡನೆಯ ಗ್ರಂಥ ದೊರೆಯಿತು. ಕಳವಿನ ಆರೋಪವನ್ನು ಹೊರಿಸಿದವರು ವಿದ್ವಾಂಸರ ಹಗೆಗಳು. ಅದನ್ನು ಸುಳ್ಳೆಂದು ಬರೆದುಕೊಟ್ಟವನು ಸ್ವತಃ ಆ ಶಿಷ್ಯನೇ. ಅಂಕಲ್ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದು ಇಂಕಲ್ಲಿ ಹೇಗೆ ಬಂತಮ್ಮ?"

ಹೇಳಬಹುದಾಗಿತ್ತು. "ನೀವೇ ಬರೆದಿದ್ರಲ್ಲ ಅಂಕಲ್" ಎಂದೆ.

ಅವರು ಬಹಳ ಹೊತ್ತು ನೋಡಿದರು. ಅಕ್ಷರ ಅವರದ್ದೇ ಆಗಿತ್ತು. "ಹಾಗಾದ್ರೆ ಆಪರೇಷನ್ನಿಗೆ ಮುಂಚೆ ಕಣ್ಣು ಪೂರ್ತಿ ಹೋಗಿತ್ತೇನೋ" ಎಂದರು. ಕಾರ್ಡನ್ನು ಕೆಳಗಿಟ್ಟರು. "ಸತ್ತವನಿಗೆ ತಿರುಗಿ ಜವಾಬು ಕೊಡೋಕೆ ಬಾಯಿಲ್ಲಮ್ಮ. ಅವನ ಪರವಾಗಿ ನಾವೇ ಹುಷಾರಾಗಿರ್ಬೇಕಿತ್ತು."

ಅನಂತರ ಅವರು ತಿದ್ದುಪಡಿಯ ಚೀಟಿಗಳನ್ನು ಕೈಯಲ್ಲೇ ಬರೆದು, ಪುಸ್ತಿಕೆ ಪಡೆದವರ ಮನೆಮನೆಗೂ ಹೋದರು. ಲಿಫ್ಟು ನಿಲ್ಲದ ಮಹಡಿಗಳಿಗೂ ಹೋದರು. ಪ್ರತಿ ಬಾಗಿಲಲ್ಲೂ "ನನ್ನಿಂದ ತಪ್ಪಾಗಿದೆ" ಎಂದು ಹೇಳಿ ತಾವೇ ಚೀಟಿ ಅಂಟಿಸಿದರು. ಅಂಟಿನ ಶೀಶೆಯನ್ನು ಹಿಡಿದುಕೊಂಡು ಅವರ ಹಿಂದೆ ನಡೆದವಳು ನಾನು. ಒಂದು ಮನೆಯಲ್ಲಿ ಯಾರೋ, "ಬಿಡಿ ಅಂಕಲ್, ಬೆಲ್ಜಿಯಂನಿಂದ ಯಾರು ಬಂದು ಕೇಳ್ತಾರೆ ಲಾ!" ಎಂದು ಇಲ್ಲಿಯವರ ಧಾಟಿಯಲ್ಲಿ ಹೇಳಿ ನಕ್ಕರು. ಅಂಕಲ್ ನಗಲಿಲ್ಲ.

ಆಮೇಲೆ ಅವರು ಶಾಯಿಯ ಪೆನ್ನನ್ನು ಮುಟ್ಟಲಿಲ್ಲ. ಎರಡು ಪುಸ್ತಕ, ಮೂರು ಪುಸ್ತಕ ಒಪ್ಪಿದರೂ ಪೆನ್ಸಿಲ್ಲೇ. ಮರುವರ್ಷ ತೀರಿಕೊಂಡರು.

ಆಂಟಿ ಊರಿಗೆ ಹೊರಡುವಾಗ ಡಬ್ಬಿಯನ್ನು ನನಗೆ ಕೊಟ್ಟು, "ನಿನ್ನನ್ನ ಬಿಟ್ರೆ ಇದರ ಬೆಲೆ ಯಾರಿಗೆ ಗೊತ್ತು" ಎಂದರು. ಅದರ ತಳದಲ್ಲಿ ಅಂಕಲ್ ತಮ್ಮ ಬಗ್ಗೆಯೇ ಬರೆದುಕೊಂಡ ಒಂದು ಕಾರ್ಡಿತ್ತು. ಹುಟ್ಟಿದ ಊರು, ಮಾಡಿದ ಕೆಲಸ, ಕೊನೆಗೆ ಈ ಸಾಲು: "ಅಜಾಗ್ರತೆಯಿಂದ ನಿರಪರಾಧಿಯೊಬ್ಬರಿಗೆ ಕಳಂಕ ಹಚ್ಚಿದವನು." ಇಡೀ ಕಾರ್ಡು ಪೆನ್ಸಿಲ್ಲಿನಲ್ಲಿತ್ತು.

ಆ ಸಾಲನ್ನು ನಾನು ಅಳಿಸಿಲ್ಲ. ಅವರ ಅಕ್ಷರದ ಮೇಲೆ ಒಮ್ಮೆ ಕೈಯಿಟ್ಟದ್ದು ಸಾಕು. ಬದಲಿಗೆ ಈ ಹಾಳೆಯನ್ನು ಶಾಯಿಯಲ್ಲಿ ಬರೆದು ಆ ಕಾರ್ಡಿನ ಜೊತೆಗೆ ಲಗತ್ತಿಸುತ್ತಿದ್ದೇನೆ: ಕಳಂಕ ಹಚ್ಚಿದವಳು ನಾನು, ಅವರಲ್ಲ.

ಕಡೆಯದಾಗಿ ವಿನಂತಿಸುವುದೇನೆಂದರೆ, ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ಓದುಗರು ದಯಮಾಡಿ ತಿದ್ದಬೇಕು. ಪೆನ್ಸಿಲ್ಲಿನಲ್ಲೇ ತಿದ್ದಿ. ಮೇಲಿನ ಆ ಒಂದು ವಾಕ್ಯವನ್ನು ಮಾತ್ರ ಹಾಗೆಯೇ ಬಿಡಿ.