ಐದನೇ ಗೇರಿನ ಜಾಗ

ನನ್ನ ಕಾರಿಗೆ ಎರಡೇ ಸೀಟು. ಐವತ್ತು ದಾಟಿದ ಕಾಳಿನ ವ್ಯಾಪಾರಿ ನಾನು, ಹಳೇ ಸ್ಪೋರ್ಟ್ಸ್ ಕಾರು ತಂದು ಬಾಗಿಲಿಗೆ ನಿಲ್ಲಿಸಿದಾಗ ಓಣಿಯೇ ನಕ್ಕಿತು. ನಗಲಿ ಬಿಡಿ. ಎರಡನೇ ಸೀಟು ಹೆಂಡತಿಯದು ಎಂದು ಯೋಚಿಸಿಯೇ ತಂದಿದ್ದೆ. ಅವಳು ಬಗಲಿಗೆ ಕೂರದಿದ್ದರೆ ನನ್ನ ಪಾಲಿಗೆ ಆ ಕಾರಿಗೆ ಕವಡೆ ಕಿಮ್ಮತ್ತಿಲ್ಲ.

ಮೂರು ವರ್ಷ, ರವಿವಾರ ಬೆಳಗಾದರೆ ಹುಬ್ಬಳ್ಳಿಯಿಂದ ಬೈಪಾಸ್ ಹಿಡಿದು ಧಾರವಾಡಕ್ಕೆ ಹೋಗಿ ಬರುತ್ತಿದ್ದೆವು. ನಾನು ಐದನೇ ಗೇರಿಗೆ ಹಾಕಿ ಒತ್ತಿದಾಗಲೆಲ್ಲ ಅವಳು ಮುಂದೆ ನೋಡುತ್ತ ತುಟಿಯಲ್ಲೇ ಏನೋ ಗುನುಗುತ್ತಿದ್ದಳು. ಹಾಡು ಎಂದುಕೊಂಡಿದ್ದೆ. ಹೆಬ್ಬಳ್ಳಿಯ ಒಕ್ಕಲುತನದ ಮನೆಯವಳು, ಹಗ್ಗ ಹರಿದುಕೊಂಡ ಹೋರಿಯನ್ನು ಮೂಗುದಾರ ಹಿಡಿದು ನಿಲ್ಲಿಸಿದವಳು. ಅಂಥವಳಿಗೆ ಎಂಥ ಅಂಜಿಕೆ?

ಹೋದ ವರ್ಷ ನನ್ನ ಹುಚ್ಚು ನೆತ್ತಿಗೇರಿತು. ಕಾರನ್ನು ಇನ್ನೂ ಜೋರು ಮಾಡಬೇಕು. ಏರ್ ಫಿಲ್ಟರ್, ಸೈಲೆನ್ಸರ್, ಎಂಜಿನ್ನಿನ ಕಂಪ್ಯೂಟರು, ಎಲ್ಲ ಬದಲಿಸುವುದೆಂದು ಪಟ್ಟಿ ಮಾಡಿದೆ. ಆದರೆ ಮುಖ್ಯವಾದದ್ದು ಹಿಂದಿನ ಗಾಲಿಗಳನ್ನು ತಿರುಗಿಸುವ ಹಲ್ಲುಚಕ್ರ. ಸೈಕಲ್ಲಿನ ಹಿಂದಿನ ಹಲ್ಲಿನ ಲೆಕ್ಕವೇ ಇಲ್ಲೂ. ದೊಡ್ಡದು ಹಾಕಿದರೆ ಕಾರು ನಿಂತಲ್ಲಿಂದ ಚಂಗನೆ ಏಳುತ್ತದೆ, ಆದರೆ ನೂರರ ಹತ್ತಿರ ಬಂದರೆ ಎಂಜಿನ್ನು ಒದರಾಡುತ್ತದೆ. ಸಣ್ಣದು ಹಾಕಿದರೆ ಏಳುವುದು ತುಸು ನಿಧಾನ, ಬೈಪಾಸಿನಲ್ಲಿ ಮಾತ್ರ ಹಿಡಿಯುವವರಿಲ್ಲ. ನನಗೆ ಸಣ್ಣದೇ ಬೇಕಿತ್ತು.

ಗೋಕುಲ ರಸ್ತೆಯ ಗ್ಯಾರೇಜಿನ ಮಿಸ್ತ್ರಿ ಹಳೇ ಹುಬ್ಬಳ್ಳಿಯ ಹಿರಿಯರು, ಊರಿಗೆಲ್ಲ ಕಾಕಾ. ಗಿರಾಕಿ ಕೇಳಿದ ಕೂಡಲೇ ಹಲ್ಲು ಬದಲಿಸುವ ಪೈಕಿ ಅಲ್ಲ.

"ಸಾವ್ಕಾರ್ರ, ಬಾಯಿಲೆ ಎಲ್ಲಾರೂ ಜೋರ್ ಹೊಡೀತಾರ್ರಿ. ಎಂಟು ದಿನ ಎಲ್ಲೆಲ್ಲಿ ಯಾವ ಗೇರು ಹಾಕಿದ್ರಿ ಅಂತ ವಹಿ ಒಳಗ ಬರದು ತರ್ರಿ. ಅದನ್ನ ನೋಡಿ ಹಲ್ಲು ಹಾಕ್ತೇನಿ" ಎಂದರು.

ಓಡಿಸುವವನು ಬರೆಯುವುದು ಹೇಗೆ? ಹೆಂಡತಿಯ ಕೈಗೆ ಹೊಸ ವಹಿ, ಪೆನ್ನು ಕೊಟ್ಟೆ. ಬರೆಯುವುದು ಅವಳಿಗೇನು ಹೊಸದಲ್ಲ. ದಿನಾ ಸ್ನಾನ, ಲಿಂಗಪೂಜೆ ಮುಗಿಸಿ ಮಣೆಯ ಮೇಲೆ ಕೂತು, ಅದಕ್ಕೆಂದೇ ಇಟ್ಟ ವಹಿಯಲ್ಲಿ 'ಓಂ ನಮಃ ಶಿವಾಯ' ಬರೆಯುತ್ತಾಳೆ. ಲಕ್ಷ ಬರೆದು ಮಠಕ್ಕೆ ಒಪ್ಪಿಸುವ ಹರಕೆ. ಅದರಲ್ಲಿ ಬಲು ಬಿಗಿ. ಚಪ್ಪಲಿ ಮೆಟ್ಟಿಕೊಂಡು ಆ ವಹಿಯ ಹತ್ತಿರ ಸುಳಿದರೆ ಬೈಗುಳ ತಪ್ಪಿದ್ದಲ್ಲ.

ಎಂಟು ದಿನ ಊರೊಳಗೂ ಬೈಪಾಸಿನಲ್ಲೂ ಓಡಿಸಿದೆ. ಅವಳು ಬರೆದಳು. ನಾನು ಆ ವಹಿಯನ್ನು ಬಿಚ್ಚಿಯೂ ನೋಡದೆ ಕಾಕಾನ ಕೈಗಿಟ್ಟೆ.

ಕಾಕಾ ಮೊದಲು ನಕ್ಕರು. "ಪ್ಯಾಟ್ಯಾಗ ಒಂದು, ಎರಡು. ಉಣಕಲ್ ಕೆರಿ ದಾಟಿ ಮೂರು. ಇಷ್ಟಕ್ಕ ಇಂಥಾ ಗಾಡಿ ಬೇಕಾಗಿತ್ತೇನ್ರಿ?" ಎಂದು ಛೇಡಿಸಿದರು. ಇನ್ನೊಂದು ಪುಟ ತಿರುವಿದರು. ಪಕ್ಕದ ಬಟ್ಟೆಗೆ ಎರಡೂ ಕೈಯ ಎಣ್ಣೆ ಒರೆಸಿಕೊಂಡು ಮತ್ತೆ ವಹಿ ಹಿಡಿದರು.

"ಸಾವ್ಕಾರ್ರ, ಇದರಾಗ ಐದನೇ ಗೇರು ಇಲ್ರಿ. ಆ ಜಾಗಾದಾಗ ಶಿವಾ ಅದಾನ."

ಕಸಿದುಕೊಂಡು ನೋಡಿದೆ. ಬೈಪಾಸಿನ ಪುಟದಲ್ಲಿ 'ನಾಲ್ಕು' ಎಂದು ಒಂದು ಸಲ, ಆಮೇಲೆ ಅಂಕಿಯೇ ಇಲ್ಲ. ಓಂ ನಮಃ ಶಿವಾಯ, ಓಂ ನಮಃ ಶಿವಾಯ, ಕೆಳತನಕ. ಮೇಲಿನ ಸಾಲು ದುಂಡಗೆ, ಕೆಳಗೆ ಬಂದಂತೆ ಸೊಟ್ಟ. ಒಂದು ಕಡೆ ಪೆನ್ನು ಒತ್ತಿ ಹಾಳೆಯೇ ಹರಿದಿತ್ತು. ಮುಂದಿನ ಪುಟವೂ ಹಾಗೇ, ಅದರ ಮುಂದಿನದೂ. ಮಣೆ ಬಿಟ್ಟು ಬರೆಯದವಳು, ಕಾಲಲ್ಲಿ ಚಪ್ಪಲಿ ಇದ್ದಂತೆಯೇ, ಕಾರಿನಲ್ಲಿ ಕೂತು ಬರೆದಿದ್ದಳು. ಹಾಗಾದರೆ ಮೂರು ವರ್ಷ ತುಟಿಯಲ್ಲಿ ಗುನುಗಿದ್ದು? ಹಾಡಂತೆ ಹಾಡು! ಕಣ್ಣಿದ್ದೂ ಕುರುಡನಾಗಿದ್ದೆ. ಕಾಕಾ ಸ್ಟೂಲು ಎಳೆದು ನನ್ನನ್ನು ಕೂರಿಸಿ ನೀರು ಕೊಟ್ಟರು.

ಮನೆಗೆ ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ವಹಿಯನ್ನು ಮುಂದೆ ಹಿಡಿದೆ.

"ಇಷ್ಟು ಅಂಜಿಕಿ ಆಗ್ತಿತ್ತಂದ್ರ ಯಾಕ ಬರ್ತಿದ್ದಿ? ಒಲ್ಲೆ ಅಂದಿದ್ರ ಆಗ್ತಿರಲಿಲ್ಲೇನ?"

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿದಳು.

"ನಾ ಬಗಲಿಗೆ ಕುಂತಾಗನ ಇಷ್ಟು ಜೋರ್ ಹೊಡೀತೀರಿ. ನಾ ಇಲ್ಲದಿದ್ರ ಎಷ್ಟು ಹೊಡೀತಿದ್ರಿ? ಅದಕ್ಕ ಕುಂದರತಿದ್ದೆ."

ನಾಚಿಕೆಯೋ ದಿಗಿಲೋ, ಎರಡೂ ಇದ್ದವು. ಸಂಜೆಯೇ ಗ್ಯಾರೇಜಿಗೆ ಹೋಗಿ, ದೊಡ್ಡ ಹಲ್ಲುಚಕ್ರವನ್ನೇ ಹಾಕಿರಿ, ನೂರರ ಗೊಡವೆ ಬೇಡ, ಅದಕ್ಕೂ ಮೊದಲು ಹೊಸ ಬ್ರೇಕು ಕೂರಿಸಿರಿ, ಉಳಿದದ್ದೇನೂ ಬೇಡ ಎಂದೆ.

"ಅಕ್ಕಾರು ಅದನ್ನ ವಹಿ ಒಳಗ ಆಗಲೇ ಆರಿಸಿ ಕೊಟ್ಟಾರ್ರಿ" ಎಂದರು ಕಾಕಾ.

ಮುಂದಿನ ರವಿವಾರ ಕಾರನ್ನು ಬಾಗಿಲಿಗೆ ತಂದು, ಎಡಗಡೆಯ ಬಾಗಿಲು ತೆರೆದಿಟ್ಟು ಕಾದೆ. ಬಾ ಎಂದು ಕರೆಯುವ ಬಾಯಿ ನನಗಿರಲಿಲ್ಲ. ಬರಲಿಕ್ಕಿಲ್ಲ ಎಂದುಕೊಳ್ಳುವಷ್ಟರಲ್ಲಿ ಅವಳು ಸೆರಗು ಸರಿಮಾಡಿಕೊಳ್ಳುತ್ತ ಬಂದು ಕೂತಳು. ಕೈಯಲ್ಲಿ ವಹಿ ಇರಲಿಲ್ಲ.

"ಚಪ್ಪಲಿ ಮೆಟ್ಟಿ ದೇವರ ಹೆಸರು ಬರದಿದ್ದಕ್ಕ ನಾ ತಪ್ಪಾತು ಅಂತ ಕೇಳ್ಕೊಂಡೇನಿ" ಎಂದಳು, ಬಾಗಿಲು ಎಳೆದುಕೊಳ್ಳುತ್ತ. "ನಿಮ್ದು ನೀವು ಕೇಳ್ಕೋರಿ."