ಉಪ್ಪಿನ ಡ್ರಮ್ಮಿನಲ್ಲಿ ಉಳಿದ ಏಳು ಸೆಕೆಂಡು

ಬೆಳಗಿನ ಐದೂವರೆ. ಕುವೈತಿನ ಫಿಂಟಾಸ್‌ನ ವಿಡಿಯೊ ಅಂಗಡಿಯ ಹಿಂದಿನ ಕೋಣೆಯಲ್ಲಿ ತನಿಯಪ್ಪ ಫ್ಯಾನು ಆರಿಸಿ, ಮೇಜಿನ ಮೇಲೆ ಹಳೆಯ ಬಿಳಿ ಮುಂಡಿನ ಚೂರೊಂದನ್ನು ಹಾಸುತ್ತಾರೆ. ಅದರ ಮೇಲೆ ಒಂದು ವಿಡಿಯೊ ಕ್ಯಾಸೆಟ್. ಐದು ಸ್ಕ್ರೂಗಳಿಗೂ ತುಕ್ಕು ಹಿಡಿದಿದೆ. ಮುಂದಿನ ಮುಚ್ಚಳ ಎತ್ತಿದರೆ ಕಪ್ಪು ಟೇಪಿನ ಮೇಲೆ ಉಪ್ಪಿನ ಬಿಳಿ ಗೆರೆ. ಕಾರಿನ ಬ್ಯಾಟರಿಗೆ ಹಾಕುವ ನೀರನ್ನು ಹನಿ ಹನಿಯಾಗಿ ಬಿಟ್ಟು, ಬಟ್ಟೆಯಿಂದ ಮೆಲ್ಲನೆ ಒತ್ತುತ್ತಾರೆ. ಒರೆಸುವುದಿಲ್ಲ.

"ಒರೆಸಿದ್ರೆ ಚಿತ್ರ ಬಟ್ಟೆಗೆ ಬರ್ತದೆ. ಮತ್ತೆ ಖಲಾಸ್," ಎನ್ನುತ್ತಾರೆ.

ಎಣ್ಣೆಬಾವಿಗಳ ಬೆಂಕಿ ಆರಿ ವಾರವಾಗಿದೆ. ಆಕಾಶ ಮತ್ತೆ ನೀಲಿಯಾಗಿದೆ. ಆದರೂ ಅಂಗಡಿಗೆ ಬರುವ ಪ್ರತಿ ಕ್ಯಾಸೆಟ್ಟಿನಲ್ಲಿ ಮಸಿ ಇದೆ. ದಿನಕ್ಕೆ ಹದಿನೈದನ್ನಾದರೂ ತನಿಯಪ್ಪ ಬಿಚ್ಚಿ ತೊಳೆಯುತ್ತಾರೆ, ತುಂಡಾದುದನ್ನು ಕೂಡಿಸುತ್ತಾರೆ. ಗಿರಾಕಿಗಳಿಗೆ ಗೊತ್ತಿರುವುದು ಕೌಂಟರಿನಲ್ಲಿ ನಗುವ ರಹ್ಮತ್ ಮಾತ್ರ. ಹಿಂದಿನ ಕೋಣೆಯ ಮನುಷ್ಯನನ್ನು ನೋಡಿದವರು ಕಡಿಮೆ.

ಮೂಲ್ಕಿ ಕಡೆಯ ತನಿಯಪ್ಪನವರಿಗೆ ನಲವತ್ತಾರು ವರ್ಷ. ಹುಡುಗನಾಗಿದ್ದಾಗ ಮಂಗಳೂರಿನ ಚಿತ್ರಮಂದಿರದಲ್ಲಿ ಹರಿದ ರೀಲು ಅಂಟಿಸುತ್ತಿದ್ದರು. ಕುವೈತಿಗೆ ಬಂದು ಹನ್ನೆರಡು ವರ್ಷ. ಕಳೆದ ವರ್ಷ ಆಗಸ್ಟಿನಲ್ಲಿ ಇರಾಕಿ ಸೈನಿಕರು ಊರೊಳಗೆ ಬಂದಾಗ, ರಿಪೇರಿಗೆ ಕೊಟ್ಟಿದ್ದ ಅರುವತ್ತೊಂದು ಕ್ಯಾಸೆಟ್ ಅವರ ಬಳಿ ಇದ್ದವು. ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೀಲಿ ಡ್ರಮ್ಮಿನಲ್ಲಿ ಜೋಡಿಸಿ, ಮೇಲೆ ಕಲ್ಲುಪ್ಪು ಸುರಿದು, ಮಹಡಿ ಮೆಟ್ಟಿಲಿನ ಕೆಳಗೆ ಇಟ್ಟರು. ಸೆಪ್ಟೆಂಬರಿನಲ್ಲಿ ಬಸ್ಸು ಹಿಡಿದು, ಅಮ್ಮಾನ್ ದಾರಿಯಾಗಿ ಊರಿಗೆ ಹೋದರು.

"ನಮ್ಮಲ್ಲಿ ಹಲಸಿನ ಸೊಳೆ ಉಪ್ಪಿಗೆ ಹಾಕಿದ್ರೆ ವರ್ಷ ಕೆಡುವುದಿಲ್ಲ. ಇದೂ ಹಾಗೇ ಅಂತ ಗ್ರಹಿಸಿದೆ," ಎಂದು ತಲೆ ಕೆರೆದುಕೊಳ್ಳುತ್ತಾರೆ.

"ಸಾಸಿವೆ, ಮೆಣಸೂ ಹಾಕಿದ್ರೆ ಇನ್ನೂ ರುಚಿ ಆಗ್ತಿತ್ತು ತನಿಯಣ್ಣ," ಎಂದು ರಹ್ಮತ್ ಬಾಗಿಲಿನಿಂದಲೇ ಕೂಗುತ್ತಾರೆ.

"ನೀನು ಸುಮ್ನಿರು ಮಾರಾಯ. ಅಂಗಡಿಯ ಟಿವಿ ಹೋಯ್ತು, ವಿಸಿಆರ್ ಹೋಯ್ತು, ಗೋಡೆಯ ಎಸಿಯೂ ಹೋಯ್ತು. ಉಪ್ಪಿನ ಡ್ರಮ್ಮು ಯಾರಾದ್ರೂ ಮುಟ್ಟಿದ್ರಾ?"

ಯಾರೂ ಮುಟ್ಟಿರಲಿಲ್ಲ. ಈ ಜುಲೈಯಲ್ಲಿ ಮರಳಿ ಬಂದಾಗ ಡ್ರಮ್ಮು ಅಲ್ಲೇ ಇತ್ತು. ಆದರೆ ಕಡಲ ಗಾಳಿಗೆ ಉಪ್ಪು ನೀರೊಡೆದು ಪ್ಲಾಸ್ಟಿಕ್ಕಿನ ಸಂದಿಗಳಿಗೆ ಇಳಿದಿತ್ತು. ನಾಲ್ಕು ತಿಂಗಳಲ್ಲಿ ಅರುವತ್ತನ್ನು ತೊಳೆದು ಒಣಗಿಸಿ ಸರಿಮಾಡಿದ್ದಾರೆ. ಉಳಿದ ಒಂದು ಐವಿ ಬಾಯಿಯದು.

ಮಂಗಳೂರಿನ ಐವಿ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಗೌರವದಿಂದ ಕರೆಯುವಂತೆ ಅಂಗಡಿಯವರಿಗೆ ಅವರು 'ಬಾಯಿ'. ಸಾವಿರದ ಒಂಬೈನೂರ ಅರುವತ್ತೈದರಲ್ಲಿ ತರಬೇತಿಗೆ ಲಂಡನ್ನಿಗೆ ಹೋಗಿದ್ದವರು. ಆಗ ಅಲ್ಲಿಯ ಟೆಲಿವಿಷನ್ನಿನಲ್ಲಿ ವಾರಕ್ಕೊಮ್ಮೆ ಹಾಡಿನ ಕಾರ್ಯಕ್ರಮ. ತಂಡಗಳು ಗಿಟಾರ್ ಹಿಡಿದು ಹಾಡುವಾಗ ಸುತ್ತ ಹುಡುಗ ಹುಡುಗಿಯರು ಕುಣಿಯಬೇಕು. ಹಾಸ್ಟೆಲಿನ ಗೆಳತಿಯರ ಜೊತೆ ಐವಿಯೂ ಒಮ್ಮೆ ಹೋದರು. ಮುಂದೆ ಅಂದು ಹಾಡಿದ ತಂಡ ಲೋಕಪ್ರಸಿದ್ಧವಾಗಿ, ಅದರ ದೊಡ್ಡ ಸಂಗೀತ ಕಛೇರಿಯೊಂದರ ಸಾಕ್ಷ್ಯಚಿತ್ರ ಬಂತು. ಐವಿಯ ಕ್ಯಾಸೆಟ್ಟಿನಲ್ಲಿ ಇರುವುದು ಅದೇ. ಅದರ ನಡುವೆ ಹಳೆಯ ಟಿವಿಯ ಕಪ್ಪುಬಿಳುಪು ತುಣುಕು. ಆ ತುಣುಕಿನಲ್ಲಿ, ಏಳು ಸೆಕೆಂಡು, ಐವಿ. ಅವರ ಹರೆಯದ ಚಿತ್ರ ಬೇರೆ ಒಂದೂ ಉಳಿದಿಲ್ಲ. ಇಲ್ಲಿಯ ಮನೆ ಲೂಟಿಯಾದಾಗ ಆಲ್ಬಮ್ಮೂ ಹೋಯಿತು.

ಕ್ಯಾಸೆಟ್ ನೋಡುವಾಗಲೆಲ್ಲ ಐವಿ ಅಲ್ಲಿಗೇ ನಿಲ್ಲಿಸಿ ಹೊರತೆಗೆಯುತ್ತಿದ್ದರು. ಮತ್ತೆ ಹಾಕಿದರೆ ಹುಡುಕಬೇಕಾಗಿಲ್ಲ ಎಂದು. ಹಾಗಾಗಿ ಮುಚ್ಚಳದ ಬುಡದಲ್ಲಿ ಯಾವಾಗಲೂ ಅದೇ ಭಾಗ. ಉಪ್ಪುನೀರು ಇಳಿದದ್ದೂ ಅಲ್ಲಿಗೇ.

"ಎರಡು ಗಂಟೆಯ ಟೇಪು. ಹಾಳಾಗ್ಲಿಕ್ಕೆ ಬೇರೆ ಜಾಗವೇ ಸಿಗ್ಲಿಲ್ಲ ನೋಡಿ," ಎಂದು ತನಿಯಪ್ಪ ಟೇಪನ್ನು ಹೊಸ ಡಬ್ಬಿಗೆ ದಾಟಿಸುತ್ತಾರೆ. ಎರಡು ವಿಸಿಆರ್‌ಗಳಿಗೆ ತಂತಿ ಜೋಡಿಸುತ್ತಾರೆ. ಒಂದರಲ್ಲಿ ಓಡಬೇಕು, ಇನ್ನೊಂದರಲ್ಲಿ ಹೊಸ ಕ್ಯಾಸೆಟ್ಟಿಗೆ ಅಚ್ಚಾಗಬೇಕು. ಎರಡನೆಯ ಸಲ ಓಡುವಷ್ಟು ಜೀವ ಈ ಟೇಪಿಗೆ ಇದೆಯೆಂಬ ನಂಬಿಕೆ ಅವರಿಗಿಲ್ಲ.

ಆರೂವರೆಗೆ ಐವಿ ರಾತ್ರಿಪಾಳಿ ಮುಗಿಸಿ ಬಿಳಿ ಸಮವಸ್ತ್ರದಲ್ಲೇ ಬರುತ್ತಾರೆ. ಕೂರುವುದಿಲ್ಲ.

"ಎಂತ ತನಿಯಪ್ಪ, ರೋಗಿ ಬದುಕ್ತಾನಾ?"

"ನೀವು ನರ್ಸಲ್ವಾ ಬಾಯಿ? ನೀವೇ ಹೇಳ್ಬೇಕು," ಎನ್ನುತ್ತಾರೆ ತನಿಯಪ್ಪ. ಅವರ ಬೆರಳು ಮಾತ್ರ ಗುಂಡಿಯ ಮೇಲೆ ಒಂದು ಕ್ಷಣ ನಿಲ್ಲುತ್ತದೆ.

ಪರದೆಯ ತುಂಬ ಬಿಳಿ ಗೆರೆಗಳು. ಕರ್ರೆನ್ನುವ ಸದ್ದು. ಗೆರೆಗಳು ಮೇಲಕ್ಕೆ ಸರಿದಂತೆ ಡ್ರಮ್ಮಿನ ಬಡಿತ ಕೇಳುತ್ತದೆ. ಕುಣಿಯುವ ತಲೆಗಳ ನಡುವೆ ಸೀರೆಯುಟ್ಟು, ಮೇಲೆ ಸ್ವೆಟರು ತೊಟ್ಟ ಒಬ್ಬಳು ತೆಳ್ಳನೆಯ ಹುಡುಗಿ, ಎರಡು ಜಡೆ, ಬಿಟ್ಟ ಕಣ್ಣು.

"ನಾನು! ನೋಡಿ, ನಾನು!" ಐವಿ ತನಿಯಪ್ಪನವರ ಹೆಗಲಿಗೆ ಬಡಿಯುತ್ತಾರೆ.

"ಎಲ್ಲರೂ ಕುಣೀತಾರೆ, ನೀವೊಬ್ರೇ ಪ್ರಾರ್ಥನೆಗೆ ನಿಂತ ಹಾಗೆ ನಿಂತಿದ್ದೀರಲ್ಲ ಬಾಯಿ?" ರಹ್ಮತ್ ಬಿಡುವುದಿಲ್ಲ.

"ಹಾಸ್ಟೆಲಿನ ಮೇಟ್ರನ್ ಟಿವಿ ನೋಡ್ತಾಳೆ ಅಂತ ಹೆದರಿಕೆ ಮಾರಾಯ! ಕುಣಿಬೇಕು ಅಂತ ಕಾಲೆಲ್ಲ ತುರಿಸ್ತಿತ್ತು."

ಅಚ್ಚಾದ ಹೊಸ ಕ್ಯಾಸೆಟ್ಟನ್ನು ತನಿಯಪ್ಪ ಮತ್ತೆ ಹಾಕುತ್ತಾರೆ. ಈ ಸಲ ಐವಿ ಚಪ್ಪಲಿ ಕಳಚಿ, ವಿಸಿಆರ್‌ಗಳ ನಡುವಿನ ಎರಡಡಿ ಜಾಗದಲ್ಲಿ ಕುಣಿಯುತ್ತಾರೆ. ರಹ್ಮತ್ ಕೌಂಟರು ಬಡಿದು ತಾಳ ಹಾಕುತ್ತಾರೆ. ರೊಟ್ಟಿ ತರಲು ಹೊರಟ ಈಜಿಪ್ಟಿನವರೊಬ್ಬರು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾರೆ. ತನಿಯಪ್ಪ ಮಾತ್ರ ಸ್ಟೂಲಿನಲ್ಲಿ ಕುಳಿತು ಪರದೆಯ ಅಂಚನ್ನೇ ನೋಡುತ್ತಿದ್ದಾರೆ. ಎಲ್ಲಿಯಾದರೂ ಗೆರೆ ಉಳಿದಿದೆಯೇ ಎಂದು.

ಇಷ್ಟು ಮಾಡಿದ್ದಕ್ಕೆ ನಿಮಗೇನು ಬೇಕು ಎಂದು ಕೇಳಿದರೆ ಅವರಿಗೆ ನಾಚಿಕೆ.

"ನಂಗೆಂತ ಬೇಕು? ಬಾಯಿ ಇನ್ನಾದ್ರೂ ಕ್ಯಾಸೆಟ್ಟನ್ನು ಪೂರ್ತಿ ಹಿಂದೆ ಸುತ್ತಿ ಇಡಲಿ. ಅಷ್ಟೇ."

"ಆಣೆಗೂ ಸುತ್ತಿಡ್ತೇನೆ," ಎಂದು ಐವಿ ಕೈ ಮುಗಿಯುತ್ತಾರೆ. ಮೂರನೆಯ ಸಲ ನೋಡುತ್ತಾರೆ. ಸೀರೆಯ ಹುಡುಗಿ ಬಂದೊಡನೆ ಅವರ ಕೈ ತಾನಾಗಿ ಗುಂಡಿ ಒತ್ತಿ, ಕ್ಯಾಸೆಟ್ಟನ್ನು ಹೊರಗೆಳೆದು ಚೀಲಕ್ಕೆ ಹಾಕುತ್ತದೆ.

ತನಿಯಪ್ಪ ಚೀಲದಿಂದ ಅದನ್ನು ತೆಗೆದು, ಯಂತ್ರಕ್ಕೆ ಹಾಕಿ, ಮೊದಲ ತುದಿಯವರೆಗೆ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಐವಿಗೆ ಕೊಡುತ್ತಾರೆ.