ಎಂಟಿಂಚಿನ ಸ್ಪೀಕರಿಗೆ ಆಡಿನ ತೊಗಲು

ಧೀಂ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಧೀಂ. ಸಾಗರದ ಪೇಟೆಯ ಹಿಂದಿನ ಓಣಿಯಲ್ಲಿ ಆ ಸದ್ದು ಕೇಳಿತೆಂದರೆ ಭೂತಪ್ಪನ ಕೈಯಲ್ಲಿದ್ದ ಕೆಲಸ ಮುಗಿಯಿತೆಂದೇ ಅರ್ಥ. ಮದ್ದಳೆಗೆ ತೊಗಲು ಕಟ್ಟುವವನು ಆತ. ಹೊಸನಗರ, ತೀರ್ಥಹಳ್ಳಿ ಕಡೆಯ ಯಕ್ಷಗಾನ ಮೇಳದವರೂ ಹರಿದ ಮದ್ದಳೆಯನ್ನು ಬಸ್ಸಿಗೆ ಹೇರಿಕೊಂಡು ಅವನನ್ನೇ ಹುಡುಕಿ ಬರುತ್ತಿದ್ದರು. ಬೆರಳಿಂದ ತಟ್ಟಿ, ತಲೆ ಓರೆಮಾಡಿ ಕೇಳದೆ ನಲವತ್ತು ವರ್ಷಗಳಲ್ಲಿ ಅವನು ಒಂದು ತೊಗಲನ್ನೂ ಕೈದಾಟಿಸಿದವನಲ್ಲ. ಮಂಕಾಗಿ ಕೇಳಿದರೆ ಬಿಚ್ಚಿ ಮತ್ತೆ ಕಟ್ಟುವನು.

"ಸತ್ತ ಆಡಿಗೆಲ್ಲ ಬಾಯಿ ಕೊಟ್ಟು ಕೊಟ್ಟು ಇವ್ರ ಬಾಯಿ ಖಾಲಿಯಾಗಿದೆ" ಎಂದು ಹೆಂಡತಿ ದುಗ್ಗಮ್ಮ ನೆರೆಯವರೊಡನೆ ನಗುವಳು.

ಇಸವಿ ಅರವತ್ತಾರರ ಚಳಿಗಾಲದಲ್ಲಿ ರೇಡಿಯೋ ರಿಪೇರಿಯ ನಾರಾಯಣಮೂರ್ತಿ ಒಂದು ಸ್ಪೀಕರ್ ಹಿಡಿದು ಓಣಿಗೆ ಬಂದ. ಜೊತೆಗೆ ವಿಘ್ನೇಶ್ವರ. ಕಾರ್ಗಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತ. ಮಡಿಲಲ್ಲಿಟ್ಟುಕೊಂಡು ತಂತಿಗಳ ಮೇಲೆ ಕಂಬಿ ಜಾರಿಸಿ ನುಡಿಸುವ ಹವಾಯಿಯನ್ ಗಿಟಾರಿನ ಹುಚ್ಚು. ಅವನ ಪುಟ್ಟ ಆಂಪ್ಲಿಫೈಯರಿನಲ್ಲಿದ್ದ ಐದಿಂಚಿನ ಸ್ಪೀಕರ್ ದನಿ ಏರಿಸಿದೊಡನೆ ತಗಡಿನಂತೆ ಕಿರುಗುಟ್ಟುತ್ತಿತ್ತು. ಬೊಂಬಾಯಿಯಿಂದ ಎಂಟಿಂಚಿನದು ತರಿಸಿದರೆ, ಅದರ ಕಾಗದದ ಅಂಚು ದಾರಿಯಲ್ಲೇ ಸುತ್ತಲೂ ಹರಿದಿತ್ತು. ಭಾನುವಾರ ಕಾರ್ಗಲ್ಲಿನ ನೌಕರರ ಕಾಲನಿಯ ಸಭೆಯಲ್ಲಿ ಅವನು ಮೊದಲ ಬಾರಿಗೆ ನುಡಿಸುವುದಿತ್ತು.

"ಕಾಗದದ ಬದ್ಲು ತೆಳು ತೊಗಲಿನ ಅಂಚು ಹಾಕ್ಕೊಡು ಭೂತಪ್ಪ. ಮಿಕ್ಕಿದ್ದು ನಾನು ನೋಡ್ಕೊಳ್ತೀನಿ" ಎಂದ ನಾರಾಯಣಮೂರ್ತಿ.

ಭೂತಪ್ಪ ಎಳೆ ಆಡಿನ ತೊಗಲನ್ನು ಹೆರೆದು, ನೆನೆಸಿ, ನಾಲ್ಕೂ ಕಡೆಯಿಂದ ಜಗ್ಗಿ ಅಂಟಿಸಿದ. ಒಣಗಿದ ಮೇಲೆ ತಟ್ಟಿದ. ಗಂಟೆಯ ಹಾಗೆ ನುಡಿಯಿತು.

ನಾರಾಯಣಮೂರ್ತಿಯ ಅಂಗಡಿಯಲ್ಲಿ ಅದನ್ನು ದೊಡ್ಡ ಮರದ ಪೆಟ್ಟಿಗೆಗೆ ಕೂರಿಸಿ, ಆಂಪ್ಲಿಫೈಯರಿಗೆ ಜೋಡಿಸಿ ವಿಘ್ನೇಶ್ವರ ತಂತಿ ಮೀಟಿದ. ಒಂದೇ ಒಂದು ಸ್ವರ ಪೆಟ್ಟಿಗೆ ಸೀಳಿಕೊಂಡು ಬಂತು. ಉಳಿದವೆಲ್ಲ ಮುದುಡಿದವು. ಅವನು ಕಂಬಿಯನ್ನು ಮೆಲ್ಲನೆ ಕೆಳಗಿಟ್ಟ.

"ಹಳೇದೇ ವಾಸಿಯಿತ್ತು."

"ಬಿಗಿ ಹೆಚ್ಚಾಯ್ತು ಭೂತಪ್ಪ. ಸಡಿಲ ಬಿಡು" ಎಂದ ನಾರಾಯಣಮೂರ್ತಿ.

"ಸಡಿಲ ಬಿಟ್ರೆ ತೊಗಲು ಮಾತಾಡೋದಿಲ್ಲ."

"ಮಾತಾಡಬಾರ್ದು ಮಾರಾಯ. ಮಾತಾಡೋದು ತಂತಿ. ಇದು ದಾರಿ ಬಿಟ್ಟುಕೊಟ್ರೆ ಸಾಕು."

ಭೂತಪ್ಪ ಸ್ಪೀಕರನ್ನು ಮನೆಗೆ ಒಯ್ದ. ಒಂದು ದಿನವಿಡೀ ಅದು ಜಗಲಿಯ ಮೇಲೆ ಕೂತಿತ್ತು. ಸದ್ದಿಲ್ಲದ ತೊಗಲು ತನ್ನ ಕೈಯಿಂದ ಹೊರಗೆ ಹೋಗುವುದೇ? ಯಾವನಾದರೂ ಮದ್ದಳೆಯವನು ಅದನ್ನು ತಟ್ಟಿ ನೋಡಿದರೆ, ಮುದುಕನ ಕೈ ಸೋತಿತು ಎನ್ನುವುದಿಲ್ಲವೇ? ಆದರೆ ಆ ಗುಮಾಸ್ತ ಕಂಬಿ ಕೆಳಗಿಟ್ಟ ರೀತಿಯೂ ಕಣ್ಣಿಂದ ಹೋಗಲೊಲ್ಲದು. ತಪ್ಪು ತಂತಿಯದ್ದಲ್ಲ, ಪೆಟ್ಟಿಗೆಯದ್ದಲ್ಲ. ಅಡ್ಡ ನಿಂತದ್ದು ತನ್ನ ತೊಗಲು.

ಶುಕ್ರವಾರ ಮಧ್ಯಾಹ್ನ ಅವನು ಅಂಟು ಬಿಡಿಸಿದ. ಹೊಸ ತೊಗಲಿಗೆ ಹರಳೆಣ್ಣೆ ಹಚ್ಚಿ, ಅದು ಕಿವಿಯ ಹಾಲೆಯಷ್ಟು ಮೆತ್ತಗಾಗುವವರೆಗೆ ಹಿಸುಕಿದ. ಸುತ್ತಲೂ ಒಂದು ಸಣ್ಣ ಮಡಿಕೆ ಸಡಿಲ ಬಿಟ್ಟು ಅಂಟಿಸಿದ. ಶನಿವಾರ ಬೆಳಿಗ್ಗೆ ಬೆರಳು ತಾನಾಗಿಯೇ ಹೋಗಿ ತಟ್ಟಿತು. ಒದ್ದೆ ಬಟ್ಟೆ ನೆಲಕ್ಕೆ ಬಿದ್ದಂತೆ, ಥಪ್.

ದುಗ್ಗಮ್ಮ ಒಳಗಿಂದ ಬಂದಳು. "ಎಂತಾಯ್ತು? ಬಿಚ್ಚಿ ಮತ್ತೆ ಕಟ್ತೀರಾ?"

"ಇಲ್ಲ. ಆಯ್ತು ಇದು."

"ಇದಾ?"

ಅವನು ಅದರ ಮೇಲೆ ಟವೆಲು ಹೊದಿಸಿ ಅಂಗಡಿಗೆ ಹೊರಟ.

ಅದನ್ನು ಮತ್ತೆ ಪೆಟ್ಟಿಗೆಗೆ ಕೂರಿಸಿದ ಮೇಲೆ ವಿಘ್ನೇಶ್ವರ ಹೆದರುತ್ತಲೇ ಮೀಟಿದ. ದನಿ ಅಗಲವಾಗಿ ಹರಿದು ಬಂತು. ಯಾವ ಸ್ವರದಲ್ಲೂ ಎಡವಲಿಲ್ಲ. ನಾರಾಯಣಮೂರ್ತಿ ಗುಂಡಿ ತಿರುಗಿಸಿ ಏರಿಸಿದ; ಆಗಲೂ ಕಿರುಗುಟ್ಟಲಿಲ್ಲ. ಭೂತಪ್ಪ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ.

"ಆ ದಪ್ಪ ತಂತಿ ಇನ್ನೊಂದ್ಸಲ."

ವಿಘ್ನೇಶ್ವರ ನುಡಿಸಿದ. ಭೂತಪ್ಪನ ತಲೆ ಓರೆಯಾಗಿಯೇ ಇತ್ತು. ದನಿ ಪೂರ್ತಿ ಆರಿದ ಮೇಲೆ ಅವನು ಕೈ ತೆಗೆದ.

"ಮಳೆಗಾಲ ಬಂದ್ರೆ ಇದು ಸಡಿಲ ಆಗ್ತದಾ?" ಎಂದು ಕೇಳಿದ ವಿಘ್ನೇಶ್ವರ.

"ಇನ್ನೆಷ್ಟು ಸಡಿಲ ಆಗ್ತದೆ?" ಎಂದ ಭೂತಪ್ಪ.

ನಾರಾಯಣಮೂರ್ತಿ ನಕ್ಕ. ವಿಘ್ನೇಶ್ವರ ಜೇಬಿನಲ್ಲಿ ಪೆನ್ಸಿಲ್ ತಡಕಾಡುತ್ತ, "ಪೆಟ್ಟಿಗೆ ಹಿಂದೆ ನಿಮ್ಮ ಹೆಸ್ರು ಬರೀತೀನಿ. ಯಾರು ಕಟ್ಟಿದ್ದು ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ. ಬರೀ ಭೂತಪ್ಪ ಅಂದ್ರೆ ಸಾಕಾ, ಇಲ್ಲ ತಂದೆ ಹೆಸ್ರೂ..." ಎನ್ನುತ್ತಿದ್ದ.

"ದಾರಿ ಬಿಟ್ಟುಕೊಟ್ಟದ್ದಕ್ಕೆ ಹೆಸ್ರು ಎಂತಕ್ಕೆ?" ಎಂದು ಭೂತಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ. "ಅಲ್ಲ, ಊರಿನ ಹೆಸ್ರಾದ್ರೂ..." ಎಂಬ ಮಾತು ಬಾಗಿಲಿಗೆ ಬರುವಷ್ಟರಲ್ಲಿ ಅವನು ಪಕ್ಕದ ಅಂಗಡಿಯನ್ನೂ ದಾಟಿಯಾಗಿತ್ತು.